ಬಿಕ್ಕಲಂ ಹಾಕದೆ ಹೋದ ಬರಹಗಾರ

ಹಾಸನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು, ನಮ್ಮ ಸಂವಿಧಾನದ ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾವ್ (ಬಿ.ಎನ್. ರಾವ್) ಅವರಿಗೆ ಎರಡು ಪುಟ ಕೊಟ್ಟದ್ದು ಅವರಿಗೆ ಸರಿ ಬಂದಿಲ್ಲ. ಅವರ ಮಾತಿನ ಸಾರ ಇಷ್ಟು: 'ಬ್ರಿಟಿಷರ ಸಂಬಳ ತಿಂದು ಅಸ್ಸಾಂ ಸರ್ಕಾರಕ್ಕೆ ಕಾನೂನು ಸಲಹೆ ಕೊಟ್ಟುಕೊಂಡಿದ್ದವರು. ಜೈಲಿಗೆ ಹೋಗಲಿಲ್ಲ, ಸಂವಿಧಾನ ಸಭೆಯಲ್ಲಿ ಒಂದು ಮಾತಾಡಲಿಲ್ಲ. ಇಂಥ ಗುಮಾಸ್ತರನ್ನು ತಂದು ಅಂಬೇಡ್ಕರ್ ಪಕ್ಕ ಯಾಕೆ ನಿಲ್ಲಿಸುತ್ತೀರಿ?'

ಮೇಷ್ಟ್ರೇ, ಪತ್ರ ಚೆನ್ನಾಗಿದೆ. ಕೋಪವೂ ಒಪ್ಪುವಂಥದ್ದೇ. ರಾವ್ ಹೆಸರನ್ನು ಕೋಲು ಮಾಡಿಕೊಂಡು ಅಂಬೇಡ್ಕರ್ ಅವರಿಗೆ ಬಡಿಯಲು ಹೊರಡುವವರು ಇದ್ದಾರೆ, ಅವರ ಮೇಲೆ ನನಗೂ ಸಿಟ್ಟಿದೆ. ರಾವ್ ಜೈಲಿಗೆ ಹೋಗಲಿಲ್ಲ ಅನ್ನುವುದೂ ನಿಜ. 1938ರಲ್ಲಿ 'ಸರ್' ಪದವಿ ಬಂತು, ತೆಗೆದುಕೊಂಡರು. ಇಷ್ಟನ್ನು ಒಪ್ಪಿದೆ. ಆದರೆ 'ಗುಮಾಸ್ತ' ಅನ್ನುವ ಒಂದು ಪದವನ್ನು ಒಪ್ಪಲಾರೆ.

ಯಾಕೆ ಅಂತ ಹೇಳಬೇಕಾದರೆ ನನ್ನ ಸೋದರಮಾವನ ವಿಷಯ ಹೇಳಬೇಕು. ಅವರು ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಪತ್ರ ಬರೆಯುತ್ತಿದ್ದವರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಏನಾದರೂ ಸರಿ. ಒಂದು ಸಲ ಇಬ್ಬರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲು ಬಂದರು. 'ಬಾವಿ ಇಬ್ಬರದ್ದೂ ಅಂತ ಬರೀರಿ' ಅಂದರು. ಮಾವ ಪೆನ್ನು ಕೆಳಗಿಟ್ಟರು. 'ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಮೊದಲು ಯಾರು ಪಂಪು ಹಾಕೋದು? ಪಂಪು ಕೆಟ್ಟರೆ ದುಡ್ಡು ಯಾರು ಕೊಡೋದು? ಅದನ್ನ ಮಾತಾಡಿಕೊಂಡು ನಾಳೆ ಬನ್ನಿ' ಅಂತ ವಾಪಸ್ ಕಳಿಸಿದರು. ಮಾರನೇ ದಿನ ಬಂದರು, ಪತ್ರ ಆಯಿತು. ಪತ್ರದ ಕೊನೆಯಲ್ಲಿ ಸಾಕ್ಷಿಗಳ ರುಜು ಆದ ಮೇಲೆ, ಮೂಲೆಯಲ್ಲಿ ಸಣ್ಣದಾಗಿ 'ಬಿಕ್ಕಲಂ' ಅಂತ ಬರೆದು ಮಾವ ತಮ್ಮ ಹೆಸರು ಹಾಕಿದರು. ಬರೆದ ಕೈ ಯಾರದ್ದು ಅಂತ ಅಷ್ಟು ಗುರುತು. ಆ ಅಣ್ಣತಮ್ಮಂದಿರು ಆಮೇಲೆ ಬೇರೆ ಬೇಕಾದಷ್ಟಕ್ಕೆ ಜಗಳವಾಡಿದರು, ಬಾವಿಗೆ ಮಾತ್ರ ಜಗಳವಾಡಲಿಲ್ಲ.

ರಾವ್ ಮಾಡಿದ್ದು ಇದೇ ಕೆಲಸ. ಬಾವಿಯ ಬದಲು ನದಿ, ಅಣ್ಣತಮ್ಮಂದಿರ ಬದಲು ಪ್ರಾಂತ್ಯಗಳು. ಇದು ಬರೀ ಹೋಲಿಕೆಗೆ ಹೇಳಿದ ಮಾತಲ್ಲ. 1941ರಲ್ಲಿ ಸಿಂಧೂ ನದಿ ನೀರಿಗಾಗಿ ಪಂಜಾಬು ಮತ್ತು ಸಿಂಧ್ ಪ್ರಾಂತ್ಯಗಳು ಹೊಡೆದಾಡಿದಾಗ ಅದನ್ನು ವಿಚಾರಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರು. ನದಿ ಯಾವೊಂದು ಪ್ರಾಂತ್ಯದ ಸ್ವಂತ ಸ್ವತ್ತಲ್ಲ, ಎಲ್ಲರಿಗೂ ನ್ಯಾಯವಾದ ಪಾಲು ಸಿಗಬೇಕು, ಕೂತು ಮಾತಾಡಿ ಒಪ್ಪಂದಕ್ಕೆ ಬರುವುದೇ ಎಲ್ಲಕ್ಕಿಂತ ಒಳ್ಳೆಯದು ಅಂತ 1942ರಲ್ಲಿ ವರದಿ ಕೊಟ್ಟರು. ಕಾವೇರಿ ಜಗಳ ನೋಡಿಕೊಂಡೇ ಬೆಳೆದ ನಮಗೆ ಈ ಮಾತಿನ ಬೆಲೆ ಗೊತ್ತಿರಬೇಕು, ಅಲ್ವಾ?

ಅಸ್ಸಾಂ ಅಂತ ನೀವು ಹಗುರವಾಗಿ ಬರೆದಿದ್ದೀರಿ. ನನಗೆ ಅವರ ಬದುಕಿನಲ್ಲಿ ಜಾಸ್ತಿ ಇಷ್ಟವಾದ ಭಾಗವೇ ಅದು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಆಮೇಲೆ ಮದ್ರಾಸು, ಕೇಂಬ್ರಿಡ್ಜ್, 1909ರಲ್ಲಿ ಐಸಿಎಸ್, ಅಂದರೆ ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿಗಳ ನೌಕರಿ. ಮೊದಲು ಹಾಕಿದ್ದು ಮದ್ರಾಸು ಪ್ರಾಂತ್ಯಕ್ಕೆ. ಆಗ ಮಂಗಳೂರು ಅದರಲ್ಲೇ ಇತ್ತು. ಯಾರಾದರೂ ಬಿಡುತ್ತಾರಾ? ರಾವ್ ಬಿಟ್ಟರು. ಅಲ್ಲಿ ನನಗೆ ನೆಂಟರು, ಸ್ನೇಹಿತರು ಬಹಳ, ಮನೆತನದ ಆಸ್ತಿಯೂ ಇದೆ, ಬೇರೆ ಕಡೆ ಹಾಕಿ ಅಂತ ತಾವೇ ಕಾಗದ ಬರೆದು ಬಂಗಾಳಕ್ಕೆ ಹೋದರು. ಊರ ಹತ್ತಿರದ ಪೋಸ್ಟಿಂಗಿಗೆ ಮಂತ್ರಿಗಳ ಮನೆ ಬಾಗಿಲು ಕಾಯುವುದನ್ನೇ ನೋಡಿ ಅಭ್ಯಾಸವಾದ ನಮಗೆ ಇದು ಕತೆಯ ಹಾಗೆ ಕೇಳಿಸುತ್ತದೆ.

1925ರಲ್ಲಿ ಅಸ್ಸಾಂ ಸರ್ಕಾರ ಕರೆಯಿತು. ಆಗ ಅಸ್ಸಾಂ ರಾಜಧಾನಿಯಾಗಿದ್ದ ಶಿಲ್ಲಾಂಗಿನಲ್ಲಿ ಎರಡು ಕುರ್ಚಿ: ಪ್ರಾಂತ್ಯದ ಶಾಸನ ಪರಿಷತ್ತಿಗೆ ಕಾರ್ಯದರ್ಶಿ, ಸರ್ಕಾರಕ್ಕೆ ಲೀಗಲ್ ರಿಮೆಂಬ್ರಾನ್ಸರ್. ಅಂದರೆ ಕಾನೂನು ಏನು ಹೇಳುತ್ತದೆ ಅಂತ ಸರ್ಕಾರಕ್ಕೆ ನೆನಪಿಸುತ್ತ ಕೂರುವವರು. ಹೆಚ್ಚುಕಮ್ಮಿ ಎಂಟು ವರ್ಷ ಇದನ್ನೇ ಮಾಡಿದರು. ಕೋರ್ಟುಗಳಲ್ಲಿ ಕೇಸು ಬೇಗ ಮುಗಿಯಲು ಏನು ಮಾಡಬೇಕು ಅಂತ ಟಿಪ್ಪಣಿ ಬರೆದರು. ಅಸ್ಸಾಂ ಆಗ ಬಡ ಪ್ರಾಂತ್ಯ, ನೆಲದಲ್ಲಿ ಎಣ್ಣೆ, ಗುಡ್ಡದಲ್ಲಿ ಟೀ, ಬೊಕ್ಕಸ ಮಾತ್ರ ಖಾಲಿ. ನಮಗೆ ಹಣದ ನೆರವು ಬೇಕು ಅನ್ನುವ ವಾದವನ್ನು, ಭಾರತದ ಆಡಳಿತ ಸುಧಾರಣೆ ವಿಚಾರಿಸಲು ಬ್ರಿಟಿಷರು ಕಳಿಸಿದ ಸೈಮನ್ ಆಯೋಗದ ಮುಂದಿಡಲು ಬರೆದುಕೊಟ್ಟದ್ದು ರಾವ್. 1933ರಲ್ಲಿ ಅದೇ ವಾದ ಹಿಡಿದು ಲಂಡನ್ನಿಗೆ ಹೋಗಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಮುಂದೆ ಅಸ್ಸಾಂ ಪರವಾಗಿ ನಿಂತದ್ದೂ ಅವರೇ. ಮಂಗಳೂರಿನವರು, ಬಂಗಾಳದ ಕೇಡರ್, ಜಗಳವಾಡಿದ್ದು ಅಸ್ಸಾಂಗಾಗಿ! ಇವತ್ತಿಗೂ ಸಂವಿಧಾನದ 275ನೇ ವಿಧಿ ತೆಗೆದರೆ, ರಾಜ್ಯಗಳಿಗೆ ಕೇಂದ್ರ ಕೊಡುವ ಅನುದಾನದ ಮಾತಿನ ನಡುವೆ ಅಸ್ಸಾಂ ಹೆಸರೇ ಬರುತ್ತದೆ. ಅದನ್ನು ಬರೆಸಿದವರು ರಾವ್ ಅಂತ ನಾನು ಹೇಳುತ್ತಿಲ್ಲ. ಓದುವಾಗ ಶಿಲ್ಲಾಂಗಿನ ಆ ಮೇಜು ನೆನಪಾಗುತ್ತದೆ, ಅಷ್ಟೇ.

ಬ್ರಿಟಿಷರ ಕಾಲದ ಆಡಳಿತ ಚೌಕಟ್ಟಾದ 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ ಕೇಂದ್ರದ ಮತ್ತು ಪ್ರಾಂತ್ಯಗಳ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವ ಹಾಗೆ ತಿದ್ದುವ ಕೆಲಸ ಇವರ ಹೆಗಲಿಗೇ ಬಂತು. ನಡುವೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರು, ಸ್ವಲ್ಪ ಕಾಲ ಆಗ ಮಹಾರಾಜರ ಸಂಸ್ಥಾನವಾಗಿದ್ದ ಜಮ್ಮು ಕಾಶ್ಮೀರದ ಪ್ರಧಾನಿ. ಇದನ್ನೆಲ್ಲ ಓಡಿಸಿ ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಮುಖ್ಯ ಪ್ರಶ್ನೆಗೆ ಬರಬೇಕು.

ಸಂವಿಧಾನ ಸಭೆಯಲ್ಲಿ ಅವರು ಮಾತಾಡಲಿಲ್ಲ, ನಿಜ. ಮಾತಾಡಲು ಅವರು ಸದಸ್ಯರೇ ಅಲ್ಲ ಮೇಷ್ಟ್ರೇ! 1946ರ ಜುಲೈನಿಂದ ಸಲಹೆಗಾರರಾಗಿದ್ದರು. ಓಟು ಇಲ್ಲ. ಸಂಬಳವನ್ನೂ ತೆಗೆದುಕೊಳ್ಳಲಿಲ್ಲ, ಇದನ್ನು ಬಾಬು ರಾಜೇಂದ್ರ ಪ್ರಸಾದರು ಸಭೆಯ ಕೊನೆಯಲ್ಲಿ ಎಲ್ಲರ ಮುಂದೆ ಹೇಳಿದರು. ಬೇರೆ ದೇಶಗಳ ಸಂವಿಧಾನಗಳಲ್ಲಿ ಏನಿದೆ ಅಂತ ಆರಿಸಿ ತೆಗೆದು ಪುಸ್ತಕ ಮಾಡಿ ಸದಸ್ಯರ ಕೈಗಿಟ್ಟವರು ರಾವ್. 1947ರ ಅಕ್ಟೋಬರಿನಲ್ಲಿ 243 ವಿಧಿ, 13 ಅನುಸೂಚಿಗಳ ಮೊದಲ ಕರಡು ಕೊಟ್ಟರು. ಅಂಬೇಡ್ಕರ್ ಮತ್ತು ಅವರ ಸಮಿತಿ ಅದನ್ನು ಕಡೆದು, ಕೂಡಿಸಿ, ಸಭೆಯಲ್ಲಿ ಒಂದೊಂದು ಪ್ರಶ್ನೆಗೂ ಎದ್ದು ನಿಂತು ಉತ್ತರ ಕೊಟ್ಟು, 395 ವಿಧಿಗಳ ಸಂವಿಧಾನ ಮಾಡಿದರು. ಎರಡೂ ಬೇರೆ ಬೇರೆ ಕೆಲಸ. ಒಂದರಿಂದ ಇನ್ನೊಂದು ಚಿಕ್ಕದಾಗುವುದಿಲ್ಲ.

ಇದನ್ನು ನನಗಿಂತ ಮೊದಲು ಹೇಳಿದವರು ಅಂಬೇಡ್ಕರ್ ಅವರೇ. 1949ರ ನವೆಂಬರ್ 25ರ ಭಾಷಣದಲ್ಲಿ, ನನಗೆ ಕೊಡುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಪಾಲು ಬಿ.ಎನ್. ರಾವ್ ಅವರದ್ದು ಅಂತ ಅಂದರು. ಅಲ್ಲಿಗೇ ನಿಲ್ಲಿಸಲಿಲ್ಲ. ಅದಕ್ಕಿಂತ ದೊಡ್ಡ ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೆ ಸಲ್ಲಬೇಕು ಅಂದರು. ದೇಶವೇ ಕಿವಿಗೊಟ್ಟು ಕೂತ ದಿನ, ಬರೆದ ಕೈಗಳನ್ನು ಹೆಸರು ಹಿಡಿದು ನೆನೆದರು. ಆ ದೊಡ್ಡಸ್ತಿಕೆಯ ಕಾಲು ಭಾಗ ನಮಗಿದ್ದರೂ ಸಾಕಿತ್ತು.

ಇನ್ನೊಂದು ವಿಷಯ. ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಾಗಿ 1941ರಲ್ಲಿ, ಮತ್ತೆ 1944ರಲ್ಲಿ ಕೂತ ಹಿಂದೂ ಕಾನೂನು ಸಮಿತಿಗೂ ರಾವ್ ಅವರೇ ಅಧ್ಯಕ್ಷರು. ಆ ಸಮಿತಿಯ ಕರಡಿನಿಂದ ಬೆಳೆದ ಹಿಂದೂ ಕೋಡ್ ಮಸೂದೆಗಾಗಿಯೇ ಅಂಬೇಡ್ಕರ್ ಹೋರಾಡಿ, ಅದು ಪಾಸಾಗದೆ ಹೋದಾಗ 1951ರಲ್ಲಿ ಮಂತ್ರಿ ಪದವಿ ಬಿಟ್ಟು ಹೊರಟರು. ಇವರಿಬ್ಬರನ್ನು ಎದುರಾಳಿ ಮಾಡುವವರು ಇದನ್ನು ಓದಲಿ.

ರಾವ್ ತಪ್ಪೇ ಮಾಡಲಿಲ್ಲ ಅಂತಲ್ಲ. ಅಮೆರಿಕಾದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಮಾತು ಕೇಳಿಕೊಂಡು ಬಂದು, ಮನುಷ್ಯನ ಸ್ವಾತಂತ್ರ್ಯ ಕಾಯುವ 21ನೇ ವಿಧಿಯಲ್ಲಿ 'ನ್ಯಾಯಬದ್ಧ ಕ್ರಮ' (ಡ್ಯೂ ಪ್ರಾಸೆಸ್) ಅನ್ನುವುದನ್ನು ಬಿಟ್ಟು 'ಕಾನೂನು ಗೊತ್ತುಮಾಡಿದ ಕ್ರಮ' ಅಂತ ಇಟ್ಟು, ಅದನ್ನು ತೆಳ್ಳಗೆ ಮಾಡಿದ್ದರಲ್ಲಿ ಅವರ ಕೈ ಇದೆ. ಅದನ್ನು ನಮ್ಮ ಸುಪ್ರೀಂ ಕೋರ್ಟು ಸರಿಮಾಡಲು 1978ರವರೆಗೆ ಕಾಯಬೇಕಾಯಿತು. ಒಂದು ಪದ ಅತ್ತಿತ್ತ ಆದರೆ ಎಷ್ಟು ಜನ ಒಳಗೆ ಕೂರಬೇಕಾಗುತ್ತದೆ ನೋಡಿ. ಅದಕ್ಕೇ ಹೇಳುವುದು, ಇದು ಗುಮಾಸ್ತಿಕೆ ಅಲ್ಲ ಅಂತ.

ಈಗ ನನ್ನ ಹೊಟ್ಟೆಯುರಿ. ಹೋದ ವರ್ಷ ಒಂದು ಕಚೇರಿಯಿಂದ ನನ್ನ ತಾಯಿಗೆ ನೋಟಿಸು ಬಂತು. 'ಸದರಿ ದಾಖಲೆಗಳನ್ನು ಸಲ್ಲಿಸದೇ ಇರುವುದು ಕಂಡುಬಾರದೇ ಇರುವುದರಿಂದ' ಅಂತ ಶುರು. ದಾಖಲೆ ಕೊಟ್ಟಿದ್ದೇವೆ ಅಂತಲೋ, ಕೊಟ್ಟಿಲ್ಲ ಅಂತಲೋ? ನಾನು ಓದಿದೆ, ತಮ್ಮ ಓದಿದ, ಪಕ್ಕದ ಮನೆ ವಕೀಲರೂ ಓದಿದರು. ಮೂರು ಅರ್ಥ ಬಂತು. ತಾಯಿ ಎಂಬತ್ತರ ವಯಸ್ಸಿನಲ್ಲಿ ಎರಡು ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬಂದರು. ಕನ್ನಡವೇ ಆಡಳಿತ ಭಾಷೆ ಅಂತ 1963ರಲ್ಲೇ ಕಾಯ್ದೆ ಮಾಡಿಕೊಂಡವರು ನಾವು. ಆದರೆ ಕನ್ನಡದಲ್ಲಿ ಕಾನೂನು ಬರೆಯುವವರನ್ನು ತಯಾರು ಮಾಡಬೇಕು, ಅವರಿಗೆ ಮರ್ಯಾದೆ ಕೊಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಭಾಷಣ ಮಾಡುವವರಿಗೆ ಹಾರ, ಬರೆದುಕೊಟ್ಟವರು ಬಾಗಿಲ ಹೊರಗೆ. ಕವಿಗೆ ಪ್ರಶಸ್ತಿ ಇದೆ, ಸಂತೋಷ. ಒಂದು ಆದೇಶವನ್ನು ಹಳ್ಳಿಯ ಹೆಂಗಸಿಗೆ ಅರ್ಥವಾಗುವ ಹಾಗೆ ಬರೆದ ಅಧಿಕಾರಿಗೆ ಒಂದು ಶಾಲು ಹೊದಿಸಿದ್ದು ನೋಡಿದ್ದೀರಾ? ನೀವು ನಲವತ್ತು ವರ್ಷ ಮಕ್ಕಳಿಗೆ ವಾಕ್ಯ ತಿದ್ದಿದವರು. ನಿಮ್ಮಿಂದ ಈ 'ಗುಮಾಸ್ತ' ಅನ್ನುವ ಮಾತು ಬಂತಲ್ಲ ಅಂತ ನನಗೆ ನೋವಾಯಿತು.

ರಾವ್ 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಸಂವಿಧಾನದ ಕೊನೆಯಲ್ಲಿ ಸದಸ್ಯರ ಸಹಿಗಳಿವೆ. ಅವರು ಸದಸ್ಯರಲ್ಲವಾದ್ದರಿಂದ ಅವರ ಸಹಿ ಇಲ್ಲ. ಬಿಕ್ಕಲಂ ಹಾಕುವ ಪದ್ಧತಿಯೂ ಅಲ್ಲಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಎಸ್.ಎನ್. ಮುಖರ್ಜಿ ಅವರಿಗೆ ಎರಡು ಪುಟ ಇಟ್ಟಿದ್ದೇನೆ. ಓದಿ, ಮತ್ತೆ ಬರೆಯಿರಿ ಮೇಷ್ಟ್ರೇ.

– ಸಂ.