ಸಂಜೆಯಾಯಿತು, ನಮ್ಮ ಸಂಗಡ ಇರು

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಸಾಲ ಇನ್ನೂ ತೀರಿಲ್ಲ, ಮಗನ ಓದು ಮುಗಿದಿಲ್ಲ. ಅವರು ಹೋದ ದಿನದಿಂದ ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ಮೊಣಕಾಲೂರಿದರೆ ಮಾತೇ ಬರುವುದಿಲ್ಲ. ಬೈಬಲ್ ತೆರೆದರೆ ಅಕ್ಷರ ಕಾಣುತ್ತದೆ, ಅರ್ಥ ಒಳಗಿಳಿಯುವುದಿಲ್ಲ. ನನ್ನ ಬಾಯಿಗೆ ಬರುವುದು ಒಂದೇ. ಅಮ್ಮ ಮಲಗುವ ಮುಂಚೆ ಹಾಡುತ್ತಿದ್ದ ‘ಅಬೈಡ್ ವಿತ್ ಮಿ’, ಅಂದರೆ ‘ನನ್ನ ಸಂಗಡ ಇರು’ ಎಂಬ ಹಾಡಿನ ಮೊದಲ ಚರಣ. ಅಮ್ಮನ ಹಾಡಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಮಗನಿಗೆ ಕೇಳಿಸದ ಹಾಗೆ ಬಾಗಿಲು ಮುಚ್ಚಿ ಅದನ್ನೇ ಹಾಡಿಕೊಂಡು ಮಲಗುತ್ತೇನೆ. ‘ನಂಬಿಕೆ ಇದ್ದವರು ಇಷ್ಟು ಅಳ್ತಾರಾ?’ ಎಂದು ಸಭೆಯ ಹಿರಿಯರೊಬ್ಬರು ಕೇಳಿದ ಮೇಲೆ ಆರಾಧನೆಗೆ ಹೋಗುವುದನ್ನೂ ಬಿಟ್ಟೆ. ನಾನು ಮಾಡುತ್ತಿರುವುದು ನಂಬಿಕೆಯಾ, ಅಮ್ಮನ ನೆನಪಾ, ಸುಮ್ನೆ ಅಭ್ಯಾಸವಾ? ದೇವರ ಮುಂದೆ ನಾಟಕ ಆಡುತ್ತಿದ್ದೇನೆ ಅನಿಸುತ್ತದೆ.

ಪ್ರಿಯ ಸಹೋದರಿ,

ನಾಟಕ ಆಡುವವರಿಗೆ ನೋಡುವವರು ಬೇಕು. ನೀವು ಬಾಗಿಲು ಮುಚ್ಚಿ, ದನಿ ತಗ್ಗಿಸಿ ಹಾಡುತ್ತಿದ್ದೀರಿ. ಅದನ್ನು ನಾಟಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೊದಲು ಆ ಹಿರಿಯರ ಮಾತು. ತನ್ನ ಸ್ನೇಹಿತ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟನು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಸಾವಿನಿಂದ ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಆತನು ಅತ್ತನು. ಅಳು ನಂಬಿಕೆಗೆ ವಿರುದ್ಧ ಅಲ್ಲ. ಆ ಹಿರಿಯರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂದು ತೋಚದೆ ಕೆಲವರು ಹೀಗೆ ಆಡಿಬಿಡುತ್ತಾರೆ. ಆದರೆ ಆ ಮಾತನ್ನು ನೀವು ಎಂಟು ತಿಂಗಳ ದುಃಖದ ಮೇಲೆ ಇನ್ನೊಂದು ಹೊರೆಯಾಗಿ ಹೊರಬೇಕಿಲ್ಲ.

ಈಗ ನಿಮ್ಮ ಹಾಡಿಗೆ ಬರೋಣ. ಅದನ್ನು ಬರೆದವರು ಹೆನ್ರಿ ಫ್ರಾನ್ಸಿಸ್ ಲೈಟ್. ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಎಂಬ ಮೀನುಗಾರರ ಊರಿನಲ್ಲಿ ಸಭಾಪಾಲಕರಾಗಿದ್ದವರು. ಕ್ಷಯ ಅವರ ಶ್ವಾಸಕೋಶವನ್ನು ತಿಂದುಹಾಕಿತ್ತು. ಬೆಚ್ಚಗಿನ ಹವೆ ಹುಡುಕಿಕೊಂಡು ಹೊರಟ ಅವರು 1847ರ ನವೆಂಬರಿನಲ್ಲಿ ಈಗ ಫ್ರಾನ್ಸಿನಲ್ಲಿರುವ ನೀಸ್ ಪಟ್ಟಣದಲ್ಲಿ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಇವತ್ತು ಹೆಚ್ಚಿನ ಕಡೆ ಹಾಡುವ ರಾಗವನ್ನು ವಿಲಿಯಂ ಹೆನ್ರಿ ಮಂಕ್ ಕೂಡಿಸಿದ್ದು 1861ರಲ್ಲಿ. ಅಂದರೆ ಜಗತ್ತೆಲ್ಲ ಹಾಡುವ ಆ ರಾಗದಲ್ಲಿ ತಮ್ಮ ಹಾಡನ್ನು ಲೈಟ್ ಒಂದು ಸಲವೂ ಕೇಳಲಿಲ್ಲ.

ಆ ಹಾಡನ್ನು ಒಮ್ಮೆ ಗಮನವಿಟ್ಟು ನೋಡಿ. ‘ನಾನು ಚೆನ್ನಾಗಿದ್ದೇನೆ’ ಎಂಬ ಮಾತು ನೀವು ಹಾಡುವ ಚರಣದಲ್ಲಿ ಎಲ್ಲಿಯೂ ಇಲ್ಲ. ಹೊತ್ತು ಮುಳುಗುತ್ತಿದೆ, ಕತ್ತಲು ಗಟ್ಟಿಯಾಗುತ್ತಿದೆ, ಆಸರೆಯಾಗಿದ್ದವರೆಲ್ಲ ಕೈಬಿಟ್ಟಿದ್ದಾರೆ, ನೀನಾದರೂ ನನ್ನ ಜೊತೆ ಇರು. ಅಷ್ಟೇ. ನೀವು ಮನಸ್ಸಿನಲ್ಲಿಲ್ಲದ್ದನ್ನು ಹಾಡುತ್ತಿದ್ದೇನೆ ಎಂದು ಹೆದರುತ್ತಿದ್ದೀರಿ, ಅಲ್ವಾ? ಇದರಲ್ಲಿ ನಿಮ್ಮ ಮನಸ್ಸಿನಲ್ಲಿ ಇಲ್ಲದ್ದು ಯಾವುದಿದೆ, ಹೇಳಿ.

ಈ ಹಾಡು ಹುಟ್ಟಿದ್ದು ಲೂಕನ ಸುವಾರ್ತೆಯ 24ನೇ ಅಧ್ಯಾಯದಿಂದ. ಇಬ್ಬರು ಶಿಷ್ಯರು ಎಮ್ಮಾಹು ಎಂಬ ಹಳ್ಳಿಗೆ ನಡೆದುಹೋಗುತ್ತಿರುತ್ತಾರೆ. ಯೇಸು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ. ದಾರಿಯಲ್ಲಿ ಮೂರನೆಯವನೊಬ್ಬ ಜೊತೆಯಾಗುತ್ತಾನೆ. ಆತನೇ ಯೇಸು ಎಂದು ಇವರಿಗೆ ಗೊತ್ತಾಗುವುದಿಲ್ಲ. ಮುಖ ಬಾಡಿಸಿಕೊಂಡು ನಿಂತು, ನಮಗೆ ದೊಡ್ಡ ನಿರೀಕ್ಷೆ ಇತ್ತು ಎನ್ನುತ್ತಾರೆ. ಇತ್ತು! ಈಗ ಇಲ್ಲ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಆ ಮಾತು. ಹಳ್ಳಿ ಬಂದಾಗ ಆತನು ಮುಂದೆ ಹೋಗುವವನಂತೆ ಕಾಣುತ್ತಾನೆ. ಇವರು ಬಿಡುವುದಿಲ್ಲ. ಸಂಜೆಯಾಯಿತು, ನಮ್ಮ ಸಂಗಡ ಇರು ಎಂದು ಒತ್ತಾಯ ಮಾಡುತ್ತಾರೆ. ಒಳಗೆ ಕೂತು ಆತನು ರೊಟ್ಟಿ ಮುರಿದು ಕೊಟ್ಟಾಗಲೇ ಅವರ ಕಣ್ಣು ತೆರೆದದ್ದು.

ಇದನ್ನು ನಾನು ಎಷ್ಟೋ ವರ್ಷ ಸುಮ್ನೆ ಓದಿಕೊಂಡು ಹೋಗಿದ್ದೆ. ‘ಇರು’ ಎಂದು ಕೇಳಿಕೊಂಡಾಗ ಅವರಿಗೆ ತಾವು ಯಾರನ್ನು ಕೇಳುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಗುರುತು ಸಿಕ್ಕಿದ್ದು ಆಮೇಲೆ. ಆದರೂ ಆತನು ಒಳಗೆ ಬಂದನು. ಮೊದಲು ನಂಬಿಕೆ ಗಟ್ಟಿ ಮಾಡಿಕೊಂಡು ಬನ್ನಿ, ಆಮೇಲೆ ಇರುತ್ತೇನೆ ಎನ್ನಲಿಲ್ಲ. ನೀವು ದಿನಾ ರಾತ್ರಿ ಹೇಳುತ್ತಿರುವುದು ಅವರ ಮಾತನ್ನೇ. ನಿಮಗೆ ಪ್ರಾರ್ಥನೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ಬರುತ್ತಿದೆ ತಾಯಿ. ರಾಗ ಇರುವುದರಿಂದ ನಿಮಗೆ ಅದು ಪ್ರಾರ್ಥನೆ ಅನಿಸಿಲ್ಲ.

ಇನ್ನು ಅಮ್ಮನ ನೆನಪಾ, ನಂಬಿಕೆಯಾ ಎಂಬ ಪ್ರಶ್ನೆ. ಎರಡನ್ನೂ ಬಿಡಿಸಿ ನೋಡುವುದು ಏಕೆ? ನನ್ನ ತಂದೆ ಕೊನೆಯ ವಾರಗಳಲ್ಲಿ ನನ್ನ ಹೆಸರನ್ನೂ ಮರೆತಿದ್ದರು. ಹಳೆಯ ಹಾಡು ಎತ್ತಿಕೊಂಡರೆ ಮಾತ್ರ ಅವರ ತುಟಿ ಅಲುಗುತ್ತಿತ್ತು. ಒಂದು ದಿನ ನಾನು ಎರಡನೇ ಸಾಲು ತಪ್ಪಿ ಹಾಡಿದೆ. ಅವರು ಮಂಚದ ಕಂಬಿಯನ್ನು ಬೆರಳಿಂದ ಟಕಟಕ ಎಂದು ತಟ್ಟಿ ನನ್ನನ್ನು ನಿಲ್ಲಿಸಿದರು. ಮತ್ತೆ ಮೊದಲಿಂದ ಹಾಡಿಸಿದರು. ಆ ಹಾಡು ಅವರಿಗೆ ಅವರ ತಾಯಿಯಿಂದ ಬಂದಿತ್ತು. ನಮಗೆ ನಂಬಿಕೆ ಬರುವುದು ಹೀಗೇ, ಯಾರದ್ದೋ ದನಿಯಲ್ಲಿ. ನಿಮ್ಮದು ಸೋತಿರುವ ಈ ದಿನಗಳಲ್ಲಿ ಅಮ್ಮನದ್ದನ್ನು ಸಾಲ ತಗೊಳ್ಳಿ. ಈ ಸಾಲವನ್ನು ಯಾರೂ ವಾಪಸ್ ಕೇಳುವುದಿಲ್ಲ.

ದುಡ್ಡಿನ ಸಾಲ ಬೇರೆ ಮಾತು. ಅದು ಹಾಡಿನಿಂದ ತೀರುವುದಿಲ್ಲ. ಲೆಕ್ಕ ಗೊತ್ತಿರುವ ನಂಬಿಕಸ್ಥರೊಬ್ಬರನ್ನು ಕೂರಿಸಿಕೊಂಡು ಯಾರಿಗೆ ಎಷ್ಟು ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ಅವತ್ತೇ ಹತ್ತಿರದವರಿಗೆ ಹೇಳಿ, ವೈದ್ಯರ ಬಳಿ ಹೋಗಿ. ಅದರಿಂದ ನಂಬಿಕೆಗೆ ಯಾವ ಕುಂದೂ ಇಲ್ಲ.

ಆರಾಧನೆಗೆ ಮತ್ತೆ ಹೋಗಿ. ಹಿಂದಿನ ಬೆಂಚಿನಲ್ಲಿ ಕೂತರೂ ಸಾಕು. ಹಾಡಲು ಆಗದಿದ್ದರೆ ಸುಮ್ಮನಿರಿ, ಆ ಹೊತ್ತು ಉಳಿದವರು ನಿಮ್ಮ ಪಾಲನ್ನೂ ಹಾಡುತ್ತಾರೆ. ಅಳು ಬಂದರೆ ಅಳಿ.

ಕೊನೆಗೆ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಮಗನಿಗೆ ಕೇಳಿಸಬಾರದು ಎಂದು ಬಾಗಿಲು ಮುಚ್ಚುತ್ತೀರಿ. ಅವನೂ ಅಪ್ಪನನ್ನು ಕಳೆದುಕೊಂಡಿದ್ದಾನೆ. ಅಮ್ಮ ಅಳಬಾರದು ಎಂದು ಅವನೂ ತನ್ನ ಬಾಗಿಲು ಮುಚ್ಚಿಕೊಂಡಿರಬಹುದು. ಇವತ್ತು ರಾತ್ರಿ ಬಾಗಿಲು ತೆರೆದೇ ಹಾಡಿ. ಎರಡನೇ ಚರಣ ನೆನಪಿಗೆ ಬಾರದಿದ್ದರೆ ಅಮ್ಮನ ಪುಸ್ತಕವನ್ನು ಅವನ ಕೈಗೆ ಕೊಡಿ, ಅವನು ಓದಿ ಹೇಳಲಿ.