ಬ್ಯಾಡಗಿ ಮೆಣಸಿನಪುಡಿಗೆ ಬೆಂಕಿ ಯಾಕೆ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ದೃಶ್ಯಕಲಾ ಪದವಿಯ ಮೂರನೇ ವರ್ಷದಲ್ಲಿ ಅನ್ವಯಿಕ ಕಲೆ ಓದುತ್ತಿದ್ದೇನೆ. ಇಲ್ಲಿಯವರೆಗೆ ಮಾಡಿದ ಕೆಲವು ಕೆಲಸಗಳನ್ನು ಜೊತೆಗೆ ಇಟ್ಟಿದ್ದೇನೆ. ಕಾಫಿ ಅಂಗಡಿಯ ಲೋಗೊ, ಸಿನಿಮಾ ಪೋಸ್ಟರುಗಳು, ಒಂದು ಕಥಾಸಂಕಲನದ ಮುಖಪುಟ, ಮತ್ತೆ ನಮ್ಮೂರಿನ ಮಹಿಳಾ ಸಂಘದ ಮೆಣಸಿನಪುಡಿಗೆ ಮಾಡಿಕೊಟ್ಟ ಲೇಬಲ್. (ಅವರು ಅರ್ಧ ಕೆಜಿ ಪುಡಿ ಕೊಟ್ಟರು!) ಸಾಫ್ಟ್‌ವೇರ್ ಕೈಗೆ ಹತ್ತಿದೆ. ಮಾರ್ಕ್ಸೂ ಬರುತ್ತಿವೆ. ಆದರೆ ನಾನು ನಿಜವಾಗಿ ಬೆಳೆಯುತ್ತಿದ್ದೇನಾ, ಇಲ್ಲಾ ಬರೀ ಫೈಲುಗಳು ಜಾಸ್ತಿ ಆಗುತ್ತಿವೆಯಾ ತಿಳಿಯುತ್ತಿಲ್ಲ. ಕನ್ನಡ ಅಕ್ಷರ ಬಂದ ಕೂಡಲೇ ಡಿಸೈನ್ ಹಳೆಯದಾಗಿ ಕಾಣುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಹೌದಾ? ಎಐ ಬಂದ ಮೇಲೆ ನಮಗೆ ಕೆಲಸ ಇರುತ್ತಾ? ಪೋರ್ಟ್‌ಫೋಲಿಯೊದಲ್ಲಿ ಏನಿಡಲಿ, ಏನು ಬಿಡಲಿ? ದಯವಿಟ್ಟು ಹೆಸರು ಹಾಕಬೇಡಿ.

– ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದ ಓದಿ.

ನಿಮ್ಮ ಕಟ್ಟು ಬಂದ ದಿನ ಕಚೇರಿಯಲ್ಲಿ ಎಲ್ಲರ ಕೈ ಸುತ್ತಿ ಬಂತು. ಸಿನಿಮಾ ಪೋಸ್ಟರುಗಳನ್ನು ಪುಟ ಕಟ್ಟುವ ಹುಡುಗರು ಬಹಳ ಮೆಚ್ಚಿಕೊಂಡರು. ನಾನು ನನ್ನ ಮೇಜಿನ ಮೇಲೆ ಉಳಿಸಿಕೊಂಡಿದ್ದು ಮೆಣಸಿನಪುಡಿಯ ಲೇಬಲ್. ನೀವು ಕಳಿಸಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆಲಸ ಅದು. ಎಲ್ಲಕ್ಕಿಂತ ಜಾಸ್ತಿ ತಪ್ಪುಗಳಿರುವುದೂ ಅದರಲ್ಲೇ. ಅಲ್ಲಿಂದಲೇ ಶುರು ಮಾಡೋಣ.

ಕೆಂಪು ಹಿನ್ನೆಲೆ. ನಡುವೆ ಎರಡು ಮೆಣಸಿನಕಾಯಿ. ಅವುಗಳ ಹಿಂದೆ ಧಗಧಗ ಉರಿಯುವ ಬೆಂಕಿ. ಗೆರೆ ಚೆನ್ನಾಗಿದೆ, ಬಣ್ಣ ಹದವಾಗಿದೆ. ಆದರೆ ಬ್ಯಾಡಗಿ ಮೆಣಸಿನಕಾಯಿಗೆ ಬೆಂಕಿ ಯಾಕೆ? ನೀವು ಅದೇ ಜಿಲ್ಲೆಯವರು. ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಮನೆಯ ಅಡುಗೆಮನೆಯಲ್ಲೇ ಗೊತ್ತಿರುವ ವಿಷಯ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಎರಡನ್ನೂ ಬೆರೆಸಿ ಪುಡಿ ಮಾಡಿಸುವ ಮನೆಗಳು ಎಷ್ಟಿಲ್ಲ? ಈ ಮೆಣಸಿನಕಾಯಿಯಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬ್ಯಾಡಗಿಯನ್ನೇ ಕೇಳಿ ಕೊಳ್ಳುವವರು ಸಾರು ಕೆಂಪಗಾಗಲಿ, ಬಾಯಿ ಸುಡದಿರಲಿ ಅಂತ ಕೊಳ್ಳುತ್ತಾರೆ. ನಿಮ್ಮ ಬೆಂಕಿ ಅವರನ್ನೇ ಹೆದರಿಸಿ ಕಳಿಸುತ್ತದೆ.

ಆ ಬೆಂಕಿ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. 'ಚಿಲ್ಲಿ ಪೌಡರ್ ಪ್ಯಾಕ್' ಅಂತ ಹುಡುಕಿರುತ್ತೀರಿ. ಹತ್ತರಲ್ಲಿ ಎಂಟಕ್ಕೆ ಬೆಂಕಿ ಇರುತ್ತದೆ. ಹುಡುಕುವುದು ತಪ್ಪಲ್ಲ, ಎಲ್ಲರೂ ಹುಡುಕುತ್ತಾರೆ. ಆದರೆ ಆ ಚಿತ್ರಗಳನ್ನು ಮಾಡಿದವರಿಗೆ ಇದು ಯಾವ ಮೆಣಸಿನಕಾಯಿ ಅಂತ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಗೊತ್ತಿದ್ದದ್ದು ಕಾಗದದ ಮೇಲೆ ಇಳಿಯಲಿಲ್ಲ. ಬ್ಯಾಡಗಿಯಲ್ಲಿ ಡಬ್ಬಿ ಇದೆ, ಕಡ್ಡಿ ಇದೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಪೂರ. ಮೈ ತುಂಬ ಸುಕ್ಕು. ಲೇಬಲ್ಲಿನಲ್ಲಿರುವುದೋ ನುಣ್ಣಗೆ ಹೊಳೆಯುವ ಯಾವುದೋ ಮೆಣಸಿನಕಾಯಿ. ಹಾವೇರಿಯ ಹುಡುಗಿ ಸುಕ್ಕಿಲ್ಲದ ಬ್ಯಾಡಗಿ ಬರೆದರೆ ಹೇಗೆ? ಆ ಸುಕ್ಕಿನ ಗೆರೆಗಳೇ ಇಡೀ ಪ್ಯಾಕೆಟ್ಟಿನ ಹಿನ್ನೆಲೆ ಆಗಬಹುದಿತ್ತು.

ಇನ್ನು ಹಿಂಬದಿ. ಅಲ್ಲಿ ಒಂದು ಸುಂದರ ಹಸೆ ಚಿತ್ತಾರ ಬಿಡಿಸಿದ್ದೀರಿ. ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನಾಂಕ, ಬಳಸಬೇಕಾದ ಅವಧಿ, ವಿಳಾಸ, ಚೌಕದೊಳಗಿನ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಗಳ ಸಂಖ್ಯೆ ಇವೆಲ್ಲ ಎಲ್ಲಿ ಕೂರಬೇಕು? ಜಾಗವೇ ಬಿಟ್ಟಿಲ್ಲ. ಇವು ಚಿತ್ರ ಮುಗಿದ ಮೇಲೆ ಮೂಲೆಗೆ ತುರುಕುವ ವಿಷಯಗಳಲ್ಲ, ಮೊದಲ ದಿನವೇ ಜಾಗ ಕೇಳುವಂಥವು. ದಿನಾಂಕವನ್ನು ಸಂಘದವರು ರಬ್ಬರ್ ಸ್ಟ್ಯಾಂಪಿನಲ್ಲಿ ಒತ್ತುತ್ತಾರೆ ಅಂದುಕೊಳ್ಳೋಣ. ಹೊಳಪಿನ ಲ್ಯಾಮಿನೇಷನ್ ಮೇಲೆ ಆ ಮಸಿ ನಿಲ್ಲುವುದಿಲ್ಲ, ಬೆರಳು ತಗುಲಿದರೆ ಹರಡುತ್ತದೆ. ಹಾಗಾದರೆ ದಿನಾಂಕಕ್ಕೆ ಬೇರೆಯೇ ಒಂದು ಸಾದಾ ಕಾಗದದ ಚೀಟಿ ಬೇಕು. ಆ ಚೀಟಿಯೂ ಡಿಸೈನೇ. ಪುಡಿಯ ಬಣ್ಣ ಕಾಣಲಿ ಅಂತ ಮುಂದೆ ಪಾರದರ್ಶಕ ಕಿಟಕಿ ಇಟ್ಟಿದ್ದೀರಿ. ಯೋಚನೆ ಚೆನ್ನಾಗಿದೆ. ಆದರೆ ಬೆಳಕು ಬಿದ್ದಷ್ಟೂ ಮೆಣಸಿನಪುಡಿಯ ಕೆಂಪು ಮಾಸುತ್ತದೆ. ಬಣ್ಣಕ್ಕೇ ಹೆಸರಾದ ಪುಡಿ ಅಂಗಡಿಯ ಕಪಾಟಿನಲ್ಲೇ ಬಣ್ಣ ಕಳೆದುಕೊಳ್ಳಬಾರದಲ್ಲ. ಕಿಟಕಿ ಚಿಕ್ಕದು ಮಾಡಿ, ಅಥವಾ ಹಿಂದಕ್ಕೆ ಹಾಕಿ. ಪುಡಿ ಕುಟ್ಟಿಸುವ ಅಕ್ಕಂದಿರನ್ನೇ ಕೇಳಿ, ಎಷ್ಟು ದಿನಕ್ಕೆ ಮಾಸುತ್ತದೆ ಅಂತ ಅವರು ನಿಖರವಾಗಿ ಹೇಳುತ್ತಾರೆ.

ಇಷ್ಟು ದೂರಿದ ಮೇಲೂ ಇದನ್ನೇ ಒಳ್ಳೆಯ ಕೆಲಸ ಅನ್ನುತ್ತಿದ್ದೇನಲ್ಲ, ಕಾರಣ ಇದೆ. ಇದರ ಬಗ್ಗೆ ಮಾತಾಡೋಕೆ ವಿಷಯ ಇದೆ. ಸರಿ ಯಾವುದು, ತಪ್ಪು ಯಾವುದು ಅಂತ ಬೆರಳಿಟ್ಟು ತೋರಿಸಬಹುದು. ಕಾಫಿ ಅಂಗಡಿಯ ಲೋಗೊ ಬಗ್ಗೆ ನಾನೇನು ಹೇಳಲಿ? ಆ ಅಂಗಡಿಯೇ ಇಲ್ಲ. ಮಾಲೀಕ ಇಲ್ಲ, ಬೀದಿ ಇಲ್ಲ, ಗಿರಾಕಿ ಇಲ್ಲ. ಒಂದು ಕಾಫಿ ಕಪ್, ಹಬೆ, ಒಂದು ಎಲೆ. ನೀಟಾಗಿದೆ. ಮುಂದೆ?

ಬೆಳೆಯುತ್ತಿದ್ದೇನಾ ಅಂತ ಕೇಳಿದಿರಿ. ನಿಮ್ಮ ಕಟ್ಟಿನಲ್ಲೇ ಉತ್ತರ ಇದೆ. ಮೊದಲ ವರ್ಷದ ಪೋಸ್ಟರಿನಲ್ಲಿ ಕನ್ನಡ ತಲೆಬರಹವನ್ನು ಮೌಸ್ ಹಿಡಿದು ಅಡ್ಡಡ್ಡ ಎಳೆದಿದ್ದೀರಿ. ನಿಂತ ಗೆರೆಗಳೆಲ್ಲ ಊದಿಕೊಂಡಿವೆ, ಮಲಗಿದ ಗೆರೆಗಳು ಸಪೂರವಾಗೇ ಉಳಿದಿವೆ. ಲೇಬಲ್ಲಿನಲ್ಲಿ 'ಬ್ಯಾಡಗಿ' ಅಂತ ಕೈಯಲ್ಲೇ ಬರೆದಿದ್ದೀರಿ. ಎರಡರ ನಡುವೆ ನಿಮ್ಮ ಕಣ್ಣು ಎಷ್ಟೋ ದೂರ ಬಂದಿದೆ. ಇನ್ನು ಮೇಲೆ ಒಂದು ಅಭ್ಯಾಸ ಇಟ್ಟುಕೊಳ್ಳಿ. ಪ್ರತಿ ಕೆಲಸದ ಹಿಂದೆ ಕೆಲವು ಸಾಲು ಬರೆದಿಡಿ. ಯಾರಿಗಾಗಿ ಮಾಡಿದೆ, ಅವರಿಂದ ಏನು ತಿಳಿಯಿತು, ಏನನ್ನು ಕೈಬಿಟ್ಟೆ, ಯಾಕೆ. ಬರೆಯೋಕೆ ಏನೂ ತೋಚದಿದ್ದರೆ ಅದು ಬರೀ ಕೈ ಪಳಗಿಸುವ ಕೆಲಸ. ಅದೂ ಬೇಕು. ಆದರೆ ಅದನ್ನು ಬೇರೆ ಕಡತದಲ್ಲಿಡಿ.

ಇನ್ನು ಕನ್ನಡ ಹಾಕಿದರೆ ಹಳೆಯದಾಗಿ ಕಾಣುತ್ತದೆ ಅನ್ನುವ ಗೆಳೆಯರ ಮಾತು. ಇದಕ್ಕೆ ಸ್ವಲ್ಪ ಉದ್ದವಾಗೇ ಉತ್ತರಿಸುತ್ತೇನೆ.

ನಿಮ್ಮ ಸಿನಿಮಾ ಪೋಸ್ಟರುಗಳನ್ನೇ ನೋಡಿ. ಇಂಗ್ಲಿಷ್ ಹೆಸರಿಗೆ ಅಕ್ಷರ ಆರಿಸಿದ್ದೀರಿ, ನಡುವಿನ ಜಾಗ ತಿದ್ದಿದ್ದೀರಿ, ಒಂದು ಅಕ್ಷರದ ಬಾಲ ಕತ್ತರಿಸಿ ಇನ್ನೊಂದಕ್ಕೆ ಜೋಡಿಸಿದ್ದೀರಿ. ಕನ್ನಡ ಹೆಸರು ಕೊನೆಗೆ ಬಂದಿದೆ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ತುಂಗಾ ಫಾಂಟು, ಸುತ್ತ ಒಂದು ಬಿಳಿ ಗೆರೆ, ಕೆಳಗೆ ನೆರಳು. ಹಳೆಯದಾಗಿ ಕಾಣದೆ ಇನ್ನೇನು? ಒಂದು ಮಗುವಿಗೆ ಹೊಸ ಬಟ್ಟೆ ಹೊಲಿಸಿ, ಇನ್ನೊಂದಕ್ಕೆ ಅಣ್ಣನ ಅಂಗಿ ತೊಡಿಸಿ ನಿಲ್ಲಿಸಿದ ಹಾಗಾಯಿತು.

ಕನ್ನಡದ ಅಕ್ಷರಗಳಿಗೆ ಅವುಗಳದೇ ಬೇಡಿಕೆಗಳಿವೆ. ಮೊದಲನೆಯದು ಕೆಳಗಿನ ಜಾಗ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ', 'ಸ್ತ್ರೀ' ಥರದ ಪದಗಳಲ್ಲಿ ಒತ್ತಿಗೂ ಇನ್ನೊಂದು ಒತ್ತು. ಮೇಲಿಂದ ಗುಡಿಸು, ದೀರ್ಘ. ಪುಟ ಕಟ್ಟುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್ ತಾನಾಗಿ ಕೊಡುವ ಸಾಲಿನ ಅಂತರ ಅಕ್ಷರದ ಅಳತೆಯ ಶೇ 120. ಅಂದರೆ 10 ಪಾಯಿಂಟಿನ (ಪಾಯಿಂಟು ಅಂದರೆ ಅಕ್ಷರ ಅಳೆಯುವ ಮಾನ) ಅಕ್ಷರಕ್ಕೆ 12 ಪಾಯಿಂಟಿನ ಸಾಲು. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಉಸಿರು ಕಟ್ಟುತ್ತದೆ. ಅಕ್ಷರ ಒಂದು ಪಾಯಿಂಟು ಚಿಕ್ಕದಾದರೂ ಪರವಾಗಿಲ್ಲ, ಸಾಲುಗಳ ನಡುವೆ ಜಾಗ ಬಿಡಿ.

ಎರಡನೆಯದು ಮಹಾಪ್ರಾಣದ ಸೀಳು. ದ-ಧ, ಪ-ಫ, ಬ-ಭ, ಡ-ಢ ಜೋಡಿಗಳನ್ನು ಬೇರೆ ಮಾಡುವುದು ಬುಡದಲ್ಲಿರುವ ಒಂದು ಪುಟ್ಟ ಗೆರೆ. ದಪ್ಪ ಅಕ್ಷರಕ್ಕೆ ಇನ್ನಷ್ಟು ದಪ್ಪ ಹಚ್ಚಿದರೆ ಅದು ಮುಚ್ಚಿಹೋಗುತ್ತದೆ. ಆಮೇಲೆ ಧನಸಹಾಯ ಕೇಳಲು ಹೋದವರು ದನಸಹಾಯ ಪಡೆದು ಬರಬೇಕಾಗುತ್ತದೆ. ಫ್ಲೆಕ್ಸ್ ಬೋರ್ಡುಗಳಲ್ಲಿ ಇಂಥವನ್ನು ನೀವೂ ನೋಡಿರುತ್ತೀರಿ, ಅಲ್ವಾ?

ನಿಮ್ಮ 'ಬ್ಯಾಡಗಿ'ಯಲ್ಲಿ ಇರುವುದು ಒಂದೇ ಒತ್ತು, ಯಕಾರದ್ದು. ಅದರ ಬಾಲ ಬಲಕ್ಕೆ ಹೊರಳಿ ಡಕಾರದ ಬುಡಕ್ಕೆ ಬಡಿದಿದೆ. ಒಂದೋ ಬೇಕೆಂದೇ ಅಂಟಿಸಿ, ಇಲ್ಲವೇ ಸ್ಪಷ್ಟವಾಗಿ ಬಿಡಿಸಿ. ತಾಗಿಯೂ ತಾಗದ ಹಾಗೆ ಇರಬಾರದು. (ಆ ಬಾಲವನ್ನೇ ಮೆಣಸಿನಕಾಯಿ ಮಾಡಿಬಿಡುವ ಆಸೆ ಬಂದೇ ಬರುತ್ತದೆ. ಒಂದು ಸಲ ಮಾಡಿ ನೋಡಿ, ಆಸೆ ತೀರಿದ ಮೇಲೆ ತೆಗೆದುಬಿಡಿ.)

ಫಾಂಟು ಸಿಗಲ್ಲ ಅನ್ನುವ ಮಾತು ಈಗ ಪೂರ್ತಿ ನಿಜವಲ್ಲ. ಮುಂಬೈನ ಏಕ್ ಟೈಪ್ ತಂಡ ಮಾಡಿದ 'ಬಲೂ ತಮ್ಮ' ಇದೆ. ಅವರದೇ 'ಅನೇಕ್ ಕನ್ನಡ' 2022ರಲ್ಲಿ ಬಂತು. ಅದರಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಷ್ಟು ಹೊಂದಿಸಬಹುದು. ಅಕ್ಷರ ಅಗಲವಾಗಬೇಕಿದ್ದರೆ ಮೌಸಿನಲ್ಲಿ ಎಳೆಯುವ ಅಗತ್ಯವೇ ಇಲ್ಲ. ಪುಸ್ತಕದ ಒಳಪುಟಕ್ಕೆ 'ನೋಟೊ ಸೆರಿಫ್ ಕನ್ನಡ' ಇದೆ. ಮೂರೂ ಉಚಿತ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಕನ್ನಡ ಹಾಕಿದಾಗ ಒತ್ತುಗಳು ಒಡೆದು ಬಿಡಿಬಿಡಿಯಾಗಿ ಕಂಡರೆ ಫಾಂಟನ್ನು ಬೈಯಬೇಡಿ. ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಆಯ್ಕೆಯನ್ನು ಆರಿಸಿಕೊಳ್ಳಿ. ಚಿತ್ರ ಬಿಡಿಸುವ ಇಲಸ್ಟ್ರೇಟರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಪ್ರಿಫರೆನ್ಸಸ್ಸಿನಲ್ಲಿ ಆನ್ ಮಾಡಬೇಕು. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಇನ್ನೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲೇ ಒದ್ದಾಡುತ್ತಿದ್ದಾರೆ.

ಹಳತು ಅನ್ನುವ ಗೆಳೆಯರಿಗೆ ನಿಜವಾದ ಹಳತನ್ನೇ ತೋರಿಸಿ. 1843ರಲ್ಲಿ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು. ಅಚ್ಚಿನ ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದ ಅಕ್ಷರ. ಕನ್ನಡದ ಮೊದಲ ಪತ್ರಿಕೆಯೇ ಹಾಗೆ ಬಂತು ಅಂದರೆ, ನೀವು ಪೆನ್ಸಿಲ್ ಹಿಡಿದು 'ಬ್ಯಾಡಗಿ' ಬರೆದದ್ದು ಏನೂ ವಿಚಿತ್ರ ಕೆಲಸವಲ್ಲ. ಅಕ್ಷರ ಬರೆಯುವವರಿಗೆ ಈಗ ಕೆಲಸವೂ ಇದೆ. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅನ್ನುವ ಕಾನೂನು 2024ರಲ್ಲಿ ಬಂದ ಮೇಲೆ ದೊಡ್ಡ ದೊಡ್ಡ ಅಂಗಡಿಗಳು ಕನ್ನಡ ಹಾಕಿಸಿದವು. ಬಹಳ ಕಡೆ ಇಂಗ್ಲಿಷ್ ಲೋಗೊದ ಮೇಲೆ ಕೈಗೆ ಸಿಕ್ಕ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ ಕೈತೊಳೆದುಕೊಂಡಿದ್ದಾರೆ. ಲೋಗೊದ ಗುಣ ಕನ್ನಡಕ್ಕೂ ಬರುವ ಹಾಗೆ ಬರೆದುಕೊಡುವವರು ಎಲ್ಲಿ? ನಿಮ್ಮೂರ ಪೇಟೆಯಲ್ಲೇ ಅಂಥ ನಾಲ್ಕು ಬೋರ್ಡು ಹುಡುಕಿ, ತಿದ್ದಿ ಬರೆಯಿರಿ. ಇಲ್ಲದ ಕಾಫಿ ಅಂಗಡಿಗಿಂತ ಅದು ಎಷ್ಟೋ ವಾಸಿ.

ಕಥಾಸಂಕಲನದ ಮುಖಪುಟಕ್ಕೆ ಬರೋಣ. ಚಿತ್ರ ನನಗೆ ಇಷ್ಟವಾಯಿತು. ಆದರೆ ಇದು ಬರೀ ಮುಖ. ಪುಸ್ತಕಕ್ಕೆ ಬೆನ್ನಿದೆ, ಹಿಂಬದಿ ಇದೆ. ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾದ ಡೆಮಿ 1/8 ಅಳತೆಯ ಪುಸ್ತಕದ ಬೆನ್ನು ಎಷ್ಟು ದಪ್ಪ ಅನ್ನುವುದು ಪುಟಗಳ ಸಂಖ್ಯೆ ಮತ್ತು ಒಳಗಿನ ಕಾಗದದ ಮೇಲೆ ನಿಂತಿದೆ. ಅದನ್ನು ಮುದ್ರಣಾಲಯದವರನ್ನು ಕೇಳಿಯೇ ತಿಳಿಯಬೇಕು. ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಚಿತ್ರ ಬಿಡಬೇಕು, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಹಿಂಬದಿಯ ಸಣ್ಣ ಅಕ್ಷರಕ್ಕೆ ಕಪ್ಪು ಮಸಿ ಒಂದನ್ನೇ ಬಳಸಿ. ಮುದ್ರಣದ ನಾಲ್ಕೂ ಬಣ್ಣ ಸೇರಿಸಿದ ಕಪ್ಪಾದರೆ, ಅಚ್ಚು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಪಕ್ಕ ಬಣ್ಣದ ನೆರಳು ಬೀಳುತ್ತದೆ. ರಜೆಯಲ್ಲಿ ಹತ್ತಿರದ ಯಾವುದಾದರೂ ಆಫ್‌ಸೆಟ್ ಪ್ರೆಸ್ಸಿಗೆ ಹೋಗಿ ಸುಮ್ನೆ ನಿಂತು ನೋಡಿ. ಮಷಿನ್ ನಡೆಸುವವರು ಮೊದಲು ಗದರುತ್ತಾರೆ, ಆಮೇಲೆ ಚಹಾ ಕೊಟ್ಟು ಎಲ್ಲ ಹೇಳಿಕೊಡುತ್ತಾರೆ.

ಎಐ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಕಿಯ ಮುಂದೆ ಮೆಣಸಿನಕಾಯಿ ಬೇಕು ಅಂದರೆ ಅದು ಕ್ಷಣದಲ್ಲಿ ಕೊಡುತ್ತದೆ, ನಿಮ್ಮದಕ್ಕಿಂತ ನುಣುಪಾಗಿಯೇ. ಸಂಘದ ಅಕ್ಕಂದಿರ ಪಕ್ಕ ಕೂತು ಕಿಟಕಿ ಎಷ್ಟು ಚಿಕ್ಕದಿರಲಿ ಅಂತ ಕೇಳುವ ಕೆಲಸ ಇನ್ನೂ ನಿಮ್ಮದೇ.

ಪೋರ್ಟ್‌ಫೋಲಿಯೊದಲ್ಲಿ ನಾಲ್ಕೈದು ಕೆಲಸ ಸಾಕು. ಕಾಫಿ ಲೋಗೊ ತೆಗೆಯಿರಿ. ಪೋಸ್ಟರುಗಳಲ್ಲಿ ಒಂದನ್ನು ಇಟ್ಟುಕೊಳ್ಳಿ, ಅದರ ಕನ್ನಡ ಹೆಸರನ್ನು ಹೊಸದಾಗಿ ಬರೆದು. ಮುಖಪುಟಕ್ಕೆ ಬೆನ್ನು, ಹಿಂಬದಿ ಸೇರಿಸಿ. ಲೇಬಲ್ಲನ್ನು ಮೊದಲಿಗಿಡಿ. ಬೆಂಕಿಯ ಲೇಬಲ್ಲನ್ನೂ ಪಕ್ಕದಲ್ಲೇ ಇಟ್ಟು, ಯಾಕೆ ಬದಲಿಸಿದೆ ಅಂತ ಎರಡು ಸಾಲು ಬರೆಯಿರಿ. ಕೆಲಸ ಕೊಡುವವರು ನಿಮ್ಮ ಯೋಚನೆ ಹೇಗೆ ಓಡುತ್ತದೆ ಅಂತ ನೋಡಲು ಬಯಸುತ್ತಾರೆ. ತಿದ್ದಿದ ಗುರುತಿಲ್ಲದ ಹದಿನೈದು ಚಂದದ ಪುಟಗಳಲ್ಲಿ ಅದು ಕಾಣುವುದಿಲ್ಲ.

ಅರ್ಧ ಕೆಜಿ ಪುಡಿ ಸಿಕ್ಕಿದ್ದು ಸಂತೋಷ. ಸಂಘದವರಿಂದ ದುಡ್ಡು ತೆಗೆದುಕೊಳ್ಳಲು ಮನಸ್ಸು ಬಾರದಿರಬಹುದು, ಅದು ನಿಮಗೆ ಬಿಟ್ಟದ್ದು. ಆದರೂ ಒಂದು ಬಿಲ್ ಬರೆದು, ಇಷ್ಟು ಆಗುತ್ತಿತ್ತು, ಬಿಟ್ಟಿದ್ದೇನೆ ಅಂತ ನಮೂದಿಸಿ ಕೊಡಿ. ಮುಂದಿನ ಸಲ ಬೇರೆ ಯಾರಾದರೂ ಬಂದಾಗ ನಿಮ್ಮ ಕೆಲಸದ ಬೆಲೆ ನಿಮಗೂ ಗೊತ್ತಿರುತ್ತದೆ, ಅವರಿಗೂ.

ನಮ್ಮದೂ ಒಂದು ಕೆಲಸ ಇದೆ. ಮುಂದಿನ ಸಂಚಿಕೆಯಲ್ಲಿ 'ಕೆರೆಯ ಹತ್ತಿರದ ಮನೆ' ಅಂತ ಒಂದು ಕಥೆ ಬರಲಿದೆ. ಅದರ ಶೀರ್ಷಿಕೆಯನ್ನು ಕೈಬರಹದಲ್ಲಿ ಬರೆದುಕೊಡಿ. ಇರುವುದು ಒಂದೇ ತಕಾರದ ಒತ್ತು, ಅದನ್ನು ಎಲ್ಲಿ ಕೂರಿಸುತ್ತೀರಿ ಅಂತ ನೋಡುವ ಕುತೂಹಲ ನನಗಿದೆ. ಕಥೆಯ ಕರಡನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ, ಪೂರ್ತಿ ಓದಿದ ಮೇಲೆ ಪೆನ್ಸಿಲ್ ಹಿಡಿಯಿರಿ. ಬರೀ ಕಪ್ಪು-ಬಿಳುಪು ಸಾಕು. ಅಗಲ ಎರಡು ಕಾಲಂ ಮೀರದಿರಲಿ. ತಿಂಗಳ 20ರೊಳಗೆ ಫೈಲ್ ನಮ್ಮ ಕೈಸೇರಬೇಕು, ಕರಡುಗಳ ಫೋಟೊ ಸಮೇತ. ಚಿತ್ರಕಾರರಿಗೆ ಕೊಡುವ ಸಂಭಾವನೆಯನ್ನೇ ನಿಮಗೂ ಕೊಡುತ್ತೇವೆ. ಈ ಸಲ ಹೆಸರು ಹಾಕಬಹುದೋ ಹೇಗೆ, ಅದನ್ನೂ ತಿಳಿಸಿ.