ಕೋಲ್ಕತ್ತಾಗೆ ಒಂದೂವರೆ ದಿನ ಸಾಕಾ?

ಭುವನೇಶ್ವರ ಮುಗಿಸಿ ಡಾರ್ಜಿಲಿಂಗ್ ಕಡೆ ಹೊರಟಿದ್ದೀರಿ. ಮಧ್ಯೆ ಕೋಲ್ಕತ್ತಾದಲ್ಲಿ ಒಂದೂವರೆ ದಿನ ಸಿಗುತ್ತದೆ, ಬೆನ್ನ ಮೇಲೆ ದೊಡ್ಡ ಬ್ಯಾಗ್ ಬೇರೆ. ಇಳಿದು ಊರು ನೋಡುವುದಾ, ಸುಮ್ನೆ ರೈಲು ಬದಲಿಸಿ ಮುಂದೆ ಹೋಗುವುದಾ ಅಂತ ಕೇಳಿದ್ದೀರಿ.

ಇಳಿಯಿರಿ. ಆದರೆ ವಿಕ್ಟೋರಿಯಾ ಮೆಮೋರಿಯಲ್, ಮ್ಯೂಸಿಯಂ, ಕಾಳಿಘಾಟ್, ದಕ್ಷಿಣೇಶ್ವರ, ಬೇಲೂರು ಮಠ ಅಂತ ಪಟ್ಟಿ ಹಿಡಿದುಕೊಂಡು ಓಡಬೇಡಿ. ಒಂದೊಂದು ಒಂದೊಂದು ದಿಕ್ಕಿಗಿವೆ, ಅರ್ಧ ದಿನ ಟ್ಯಾಕ್ಸಿಯಲ್ಲೇ ಕಳೆದುಹೋಗುತ್ತದೆ. ನನ್ನನ್ನು ಕೇಳಿದರೆ ಹೂಗ್ಲಿ ನದಿಯ ದಡ ಬಿಟ್ಟು ಜಾಸ್ತಿ ದೂರ ಹೋಗಲೇಬೇಡಿ.

ಮೊದಲು ಬ್ಯಾಗಿನ ವಿಷಯ. ಹೌರಾ ಸ್ಟೇಷನ್ನಿನಲ್ಲಿ ಕ್ಲೋಕ್ ರೂಮ್ ಇದೆ. ರೈಲು ಟಿಕೆಟ್ ಕೇಳುತ್ತಾರೆ, ಬೀಗ ಹಾಕದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಚಿಕ್ಕದೊಂದು ಬೀಗ ಜೊತೆಗಿರಲಿ. ರಾತ್ರಿ ಉಳಿಯಲು ಸಡರ್ ಸ್ಟ್ರೀಟ್ ಸಾಕು. ಬ್ಯಾಕ್‌ಪ್ಯಾಕ್‌ನವರೆಲ್ಲ ಮೊದಲಿಂದಲೂ ಅಲ್ಲಿಗೇ ಹೋಗುವುದು. ಅಗ್ಗದ ರೂಮುಗಳು ಕತ್ತಲೆ ಗೂಡಿನ ಹಾಗಿರುತ್ತವೆ, ನೋಡಿ ಆಮೇಲೆ ದುಡ್ಡು ಕೊಡಿ.

ಮರುದಿನ ಬೆಳಿಗ್ಗೆ ಬೇಗ ಎದ್ದು ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್‌ಗೆ ಹೋಗಿ. ಹೌರಾ ಸೇತುವೆಯ ಬುಡದಲ್ಲೇ, ಕೋಲ್ಕತ್ತಾ ಕಡೆಯ ದಡದಲ್ಲಿದೆ. ತೋಳು ದಪ್ಪ ಚೆಂಡುಹೂವಿನ ಹಾರಗಳನ್ನು ಕಂತೆ ಕಟ್ಟಿ ತಲೆ ಮೇಲೆ ಹೊತ್ತು ಬರುತ್ತಾರೆ. ಮುಖ ಕಾಣುವುದಿಲ್ಲ, ಹೂವಿನ ಗುಡ್ಡೆಯ ಕೆಳಗೆ ಎರಡು ಕಾಲು ಅಷ್ಟೇ. ನೆಲವೆಲ್ಲ ಕೊಳೆತ ಎಸಳು, ಕೆಸರು. ಒಳ್ಳೆಯ ಶೂ ಹಾಕಿಕೊಂಡು ಹೋಗಬೇಡಿ. ದಾರಿಯ ಮಧ್ಯೆ ನಿಂತು ಫೋಟೋ ತೆಗೆದರೆ ಬೈಗುಳ ಗ್ಯಾರಂಟಿ, ಅವರ ತಲೆ ಮೇಲೆ ಭಾರ ಇರುತ್ತದಲ್ವಾ.

ಅಲ್ಲಿಂದ ಮೇಲೆ ಹತ್ತಿ ಸೇತುವೆಯನ್ನು ನಡೆದೇ ದಾಟಿ. 1943ರಲ್ಲಿ ಓಡಾಟಕ್ಕೆ ಬಿಟ್ಟದ್ದು. ನದಿಯೊಳಗೆ ಒಂದು ಕಂಬವೂ ಇಲ್ಲ, ನಟ್ಟು-ಬೋಲ್ಟ್ ಇಲ್ಲದೆ ಪೂರ್ತಿ ರಿವೆಟ್ ಹೊಡೆದು ಕಟ್ಟಿದ್ದಾರೆ. ಇಂಥ ಸೇತುವೆಗೆ ಕಾಟ ಕೊಟ್ಟದ್ದು ಎಲೆಅಡಿಕೆ! ಜನ ಉಗಿದು ಉಗಿದು ಉಕ್ಕು ಸವೆಯಿತು ಅಂತ ಬುಡಕ್ಕೆ ಫೈಬರ್‌ಗ್ಲಾಸ್ ಹೊದಿಸಬೇಕಾಯಿತು.

ಆಚೆ ದಡದಲ್ಲಿ ಹೌರಾ ಫೆರಿ ಘಾಟ್. ಅಲ್ಲಿಂದ ಶೋಭಾಬಜಾರ್ ಕಡೆಯ ಲಾಂಚ್ ಹತ್ತಿ. ಟಿಕೆಟ್ ಬಲು ಅಗ್ಗ. ದುಬಾರಿ ಕ್ರೂಸ್‌ಗಿಂತ ಇದೇ ಚೆಂದ ಅನ್ನುವುದು ನನ್ನ ಲೆಕ್ಕ. ಘಾಟುಗಳಲ್ಲಿ ಸ್ನಾನ ಮಾಡುವವರು, ಬಟ್ಟೆ ಒಗೆಯುವವರು, ಸುಮ್ನೆ ಕೂತವರು, ಎಲ್ಲರೂ ಕಾಣುತ್ತಾರೆ.

ಇಳಿದು ಸ್ವಲ್ಪ ನಡೆದರೆ ಕುಮಾರ್‌ಟುಲಿ, ದುರ್ಗೆಯ ಮೂರ್ತಿ ಮಾಡುವವರ ಕೇರಿ. ಇಲ್ಲಿ ಮಾತ್ರ ಗಡಿಬಿಡಿ ಮಾಡಬೇಡಿ. ಬಿದಿರಿನ ಚೌಕಟ್ಟಿಗೆ ಹುಲ್ಲು ಸುತ್ತಿ, ದಾರ ಬಿಗಿದು, ಮೊದಲು ತಲೆಯಿಲ್ಲದ ಹುಲ್ಲಿನ ಮೈ ಮಾಡುತ್ತಾರೆ. ಅದರ ಮೇಲೆ ಜೇಡಿಮಣ್ಣು. ಒಣಗಿ ಬಿರುಕು ಬಿಟ್ಟ ಕಡೆ ಒದ್ದೆ ಬಟ್ಟೆಯ ಪಟ್ಟಿ ಅಂಟಿಸಿ ಮತ್ತೆ ಮಣ್ಣು ಮೆತ್ತುತ್ತಾರೆ. ಕಣ್ಣು ಬರೆಯುವುದು ಕೊನೆಗೆ, ಹಳೇ ಪದ್ಧತಿಯಲ್ಲಾದರೆ ಮಹಾಲಯದ ದಿನ. ದಸರಾಗೆ ಮುಂಚಿನ ತಿಂಗಳುಗಳಲ್ಲಿ ಹೋದರೆ ಓಣಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಬೇರೆ ಕಾಲದಲ್ಲೂ ಕಾಳಿ, ಸರಸ್ವತಿ ಅಂತ ಏನಾದರೂ ನಡೆದೇ ಇರುತ್ತದೆ. ಫೋಟೋಗೆ ಮುಂಚೆ "ದಾದಾ, ತೆಗೀಲಾ?" ಅಂತ ಕೇಳಿ. ಹಿಂದಿ ನಡೆಯುತ್ತದೆ.

ಹಸಿವಾದರೆ ಬೀದಿ ಬದಿಯ ಕಚೋರಿ, ಆಲೂಗಡ್ಡೆ ಪಲ್ಯ. ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ. ಚಳಿಗಾಲವಾಗಿದ್ದರೆ ಖರ್ಜೂರದ ಮರದ ಹೊಸ ಬೆಲ್ಲ ಹಾಕಿದ ಸಂದೇಶ್ ತಿನ್ನದೆ ಬರಬೇಡಿ. ಏಪ್ರಿಲ್-ಮೇನಲ್ಲಿ ಹೋಗುವುದಾದರೆ ಹತ್ತು ಗಂಟೆಯ ಮೇಲೆ ನಡೆಯುವ ಆಸೆ ಬಿಡಿ. ಬಿಸಿಲಿಗಿಂತ ಆ ಸೆಕೆ ಜಾಸ್ತಿ ಸುಸ್ತು ಮಾಡುತ್ತದೆ.

ಮಧ್ಯಾಹ್ನ ಶೋಭಾಬಜಾರ್‌ನಿಂದ ಮೆಟ್ರೋದಲ್ಲಿ ಮಹಾತ್ಮ ಗಾಂಧಿ ರೋಡ್‌ಗೆ ಹೋದರೆ ಕಾಲೇಜ್ ಸ್ಟ್ರೀಟ್ ಹತ್ತಿರ. ಹಳೇ ಪುಸ್ತಕದ ಅಂಗಡಿಗಳ ಸಾಲು, ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ. ಅಲ್ಲಿನ ಕಾಫಿ ಹೌಸ್‌ಗೆ ಕಾಫಿಗಾಗಿ ಹೋಗಬೇಡಿ, ನಮ್ಮ ಫಿಲ್ಟರ್ ಕಾಫಿ ನಾಲಿಗೆಗೆ ಅದು ಹಿಡಿಸುವುದು ಕಷ್ಟ. ಎತ್ತರದ ಸೂರಿನ ಕೆಳಗೆ ಜನ ಗಂಟೆಗಟ್ಟಲೆ ಕೂತು ಜಗಳವಾಡುವುದನ್ನು ನೋಡಲು ಹೋಗಿ.

ಒಂದು ವಿಷಯ ಮರೆಯಬೇಡಿ. ಭುವನೇಶ್ವರದ ರೈಲುಗಳು ಹೆಚ್ಚಾಗಿ ಹೌರಾಕ್ಕೆ ಬರುತ್ತವೆ. ಡಾರ್ಜಿಲಿಂಗ್ ಮೇಲ್ ಹೊರಡುವುದು ಸಿಯಾಲ್ದಾದಿಂದ. ಎರಡೂ ಬೇರೆ ಬೇರೆ ಸ್ಟೇಷನ್, ನಡುವೆ ನದಿ. ಮೊದಲು ಬಸ್ಸು, ಟ್ಯಾಕ್ಸಿ ಅಂತ ಒದ್ದಾಡಬೇಕಿತ್ತು. 2025ರ ಆಗಸ್ಟ್‌ನಿಂದ ನೇರ ಮೆಟ್ರೋ ಇದೆ, ನದಿಯ ಅಡಿಯಿಂದಲೇ ಹೋಗುತ್ತದೆ. ನೀರಿನ ಕೆಳಗಿನ ದಾರಿ ಸುಮಾರು ಅರ್ಧ ಕಿಲೋಮೀಟರ್, ಒಂದು ನಿಮಿಷವೂ ಹಿಡಿಯುವುದಿಲ್ಲ. ಬ್ಯಾಗ್ ಹೌರಾದಲ್ಲಿಟ್ಟಿದ್ದರೆ ಸಂಜೆಯ ರಶ್‌ಗೆ ಮುಂಚೆ ಬಿಡಿಸಿಕೊಳ್ಳಿ. ದೊಡ್ಡ ಬ್ಯಾಗ್ ಹೊತ್ತು ಆ ಹೊತ್ತಿನಲ್ಲಿ ಮೆಟ್ರೋ ಹತ್ತುವುದು ನಿಮಗೂ ಕಷ್ಟ, ಪಕ್ಕದವರಿಗೂ ಕಷ್ಟ.